ಬೀಗದ ಕೈ

ದೊಡ್ಡ ಸಂಸಾರಗಳಲ್ಲಿ ಉಗ್ರಾಣದ ಬೀಗದ ಕೈ ಯಾರ ಸೆರಗಿನಲ್ಲಿರುವುದೋ ಮನೆಯ ಆಡಳಿತವು ಅವರದೇ ಎಂಬುದು ನಮ್ಮ ವಾಚಕರೆಲ್ಲರೂ ಬಲ್ಲ ಸಂಗತಿಯಾಗಿದೆ. ಅಕ್ಕಿಯು ಮನೆಯದು, ಬೇಳೆಯು ಮನೆಯದು, ಉಣ್ಣತಕ್ಕವರು ಮನೆಯವರು. ಆದರೂ ಬೀಗದ ಕೈ ಇರುವವರು ಊರಿನಲ್ಲಿಲ್ಲದ ದಿನ ಅವೆಲ್ಲವೂ ಇದ್ದೂ ಇಲ್ಲದಂತೆಯೇ ಸರಿ. ಗಣಕಯಂತ್ರಗಳು ಮನೆಮನೆಯನ್ನೂ ಹೊಕ್ಕಿರುವ ಈ ಕಾಲದಲ್ಲಿ ಅದೇ ನ್ಯಾಯವು ಹೊಸ ರೂಪವನ್ನು ತಾಳಿದೆ. ವಿಂಡೋಸ್ ಎಂಬ ವ್ಯವಸ್ಥೆಗೆಂದು ರಚಿತವಾದ ಪ್ಲಗಿನ್ನುಗಳನ್ನು ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯ ಯಂತ್ರದಲ್ಲಿ ನಡೆಯಿಸುವ ವಿಚಾರವಾಗಿ ನಾಲ್ಕು ಮಾತುಗಳನ್ನು ಬರೆಯಬೇಕೆಂದು ನಾವು ಸಂಕಲ್ಪಿಸಿದ್ದೇವೆ. ವಿಷಯವು ಶುಷ್ಕವೆಂದು ಗೃಹಿಣಿಯರು ಹಾಳೆಯನ್ನು ತಿರುವಬಾರದಾಗಿ ಬೇಡುತ್ತೇವೆ. ಯಾತಕ್ಕೆಂದರೆ, ನಮ್ಮ ಮನೆಯಲ್ಲಿ ಈ ವಿಚಾರವನ್ನು ಎಬ್ಬಿಸಿದವರು ಯಂತ್ರಶಾಸ್ತ್ರವನ್ನು ಬಲ್ಲವರಾರೂ ಅಲ್ಲ, ನಮ್ಮ ಅತ್ತಿಗೆಯವರು.

ಮೊದಲು ಪದಗಳ ಅರ್ಥವನ್ನು ಹೇಳಬೇಕು. ಗಣಕಯಂತ್ರದ ಅಂಗಗಳೆಲ್ಲವನ್ನೂ ಅಂಕೆಯಲ್ಲಿಟ್ಟುಕೊಂಡು, ಉಳಿದ ತಂತ್ರಾಂಶಗಳಿಗೆ ಬೇಕುಬೇಕಾದುದನ್ನು ಒದಗಿಸುವ ಮೂಲ ತಂತ್ರಾಂಶಕ್ಕೆ ಕಾರ್ಯವ್ಯವಸ್ಥೆಯೆಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯವರ ವಿಂಡೋಸ್ ಅಂಥದೊಂದು. 1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿ, ತರುವಾಯ ಲೋಕದ ನಾನಾ ದೇಶದವರು ಕೂಡಿ ಬೆಳೆಯಿಸಿದ ಲಿನಕ್ಸ್ ಮತ್ತೊಂದು. ಮೊದಲನೆಯದಕ್ಕೆ ಬೆಲೆಯುಂಟು, ಅದರ ಮೂಲಲೇಖವು ಗುಟ್ಟು. ಎರಡನೆಯದರ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಪರರಿಗೆ ಕೊಡಬಹುದು. ಇನ್ನು ಅಂತರಜಾಲದ ಪುಟಗಳನ್ನು ನಮಗೆ ತೋರಿಸುವ ತಂತ್ರಾಂಶವು ಬ್ರೌಸರ್. ಆರಂಭಕಾಲದಲ್ಲಿ ಇದು ಮುಖ್ಯವಾಗಿ ಅಕ್ಷರಗಳನ್ನೂ ಚಿತ್ರಗಳನ್ನೂ ತೋರಿಸಬಲ್ಲುದಾಗಿದ್ದಿತು. ಚಲಿಸುವ ಚಿತ್ರ, ಧ್ವನಿ, ಆಟ ಮುಂತಾದುವು ಬೇಕಾದರೆ ಪರರು ರಚಿಸಿದ ಒಂದು ತುಂಡನ್ನು ಅದರೊಳಕ್ಕೆ ಸಿಕ್ಕಿಸಬೇಕಾಗುತ್ತಿದ್ದಿತು. ಹೀಗೆ ಸಿಕ್ಕಿಸುವ ಕ್ರಮವೊಂದನ್ನು 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರಿನವರು ಗೊತ್ತುಮಾಡಿದರು. ಸಿಕ್ಕಿಸಿದ ಆ ತುಂಡೇ ಪ್ಲಗಿನ್. ಫ್ಲ್ಯಾಶ್, ಶಾಕ್‌ವೇವ್, 2007ರಲ್ಲಿ ಮೈಕ್ರೋಸಾಫ್ಟಿನವರು ಹೊರಡಿಸಿದ ಸಿಲ್ವರ್‌ಲೈಟ್, ಇವೆಲ್ಲವೂ ಆ ಜಾತಿಗೆ ಸೇರಿದುವು.

ಪ್ಲಗಿನ್ ಕುಳಿತಿರುವುದು ಬ್ರೌಸರಿನೊಳಗಾದರೂ ಅದರ ಕೈಕಾಲು ಆಡುವುದು ಕಾರ್ಯವ್ಯವಸ್ಥೆಯ ಆಧಾರದಿಂದಲೇ. ಪರಸ್ಥಳದಿಂದ ಬಂದ ಅಡಿಗೆಯವನೊಬ್ಬನು ನಮ್ಮ ಅಡಿಗೆಮನೆಯಲ್ಲಿ ನಿಂತಿದ್ದಾನೆಂದು ಭಾವಿಸೋಣ. ಕೊಳದಪ್ಪಲೆ, ಸೌಟು, ಜರಡಿ ಎಲ್ಲವೂ ನಮ್ಮಲ್ಲಿಯೂ ಉಂಟು. ಆದರೆ ಅವನು ಅವುಗಳನ್ನು ತನ್ನ ಊರಿನ ಹೆಸರಿನಿಂದ ಕೂಗಿ ಕೇಳುವನು. ನಮ್ಮ ಮನೆಯವರು ಅದನ್ನು ತಿಳಿಯಲಾರದೆ ಸುಮ್ಮನಿರುವರು. ಒಲೆಯು ಉರಿಯುತ್ತಿದ್ದರೂ ಅಡಿಗೆಯಾಗದು. ವಿಂಡೋಸಿನ ತಂತ್ರಾಂಶವು ಲಿನಕ್ಸಿನಲ್ಲಿ ನಡೆಯದಿರುವುದು ಹೀಗೆಯೇ. ಮನೆಗಳಲ್ಲಿ ಲಿನಕ್ಸನ್ನು ಇಟ್ಟುಕೊಂಡವರು ಸ್ವಲ್ಪ ಮಂದಿಯಾದ ಕಾರಣ, ಅವರಿಗಾಗಿ ಬೇರೊಂದು ಪ್ಲಗಿನ್ನನ್ನು ರಚಿಸುವ ಶ್ರಮವನ್ನು ಅನೇಕ ಸಂಸ್ಥೆಗಳು ವಹಿಸಲಿಲ್ಲ. ಶಾಕ್‌ವೇವ್ ಲಿನಕ್ಸಿಗೆ ಎಂದೂ ಬರಲಿಲ್ಲ. ಸಿಲ್ವರ್‌ಲೈಟ್ ವಿಂಡೋಸಿಗೂ ಆಪಲ್ ಸಂಸ್ಥೆಯ ಮ್ಯಾಕ್ ಯಂತ್ರಗಳಿಗೂ ದೊರೆಯಿತೇ ಹೊರತು ಲಿನಕ್ಸಿಗೆ ದೊರೆಯಲಿಲ್ಲ. ಅದರ ಬದಲಿಗೆ ಮೂನ್‌ಲೈಟ್ ಎಂಬುದನ್ನು ನೋವೆಲ್ ಸಂಸ್ಥೆಯವರು 2009ರಲ್ಲಿ ಹೊರತಂದರಾದರೂ 2012ರ ಹೊತ್ತಿಗೆ ಆ ಕೆಲಸವು ನಿಂತುಹೋಯಿತು.

ಇದು ನಮಗೇಕೆ ಬಾಧಕವಾಯಿತೆಂಬುದನ್ನು ಹೇಳುವೆವು. ನಮ್ಮ ಅಣ್ಣನವರು ವ್ಯಾಕರಣದಲ್ಲಿ ಬಹುಕಾಲ ಪರಿಶ್ರಮ ಮಾಡಿದವರು. ಒಂದು ವಿದ್ಯಾಸಂಸ್ಥೆಯವರು 2010ರಲ್ಲಿ ಅವರಿಂದ ಸಂಸ್ಕೃತಪ್ರವೇಶದ ನಲವತ್ತು ಪಾಠಗಳನ್ನು ಹೇಳಿಸಿ, ಚಿತ್ರೀಕರಿಸಿ, ತಮ್ಮ ತಾಣದಲ್ಲಿ ಸಿಲ್ವರ್‌ಲೈಟಿನ ಮೂಲಕವೇ ನೋಡುವಂತೆ ಇರಿಸಿದ್ದರು. 2012ರಲ್ಲಿ ಅಣ್ಣನವರು ದಿವಂಗತರಾದರು. ಮಕ್ಕಳಿಲ್ಲದ ಅತ್ತಿಗೆಯವರು ನಮ್ಮ ಮನೆಗೆ ಬಂದು ನೆಲಸಿದರು. ವರ್ಷಾಂತದ ಕಾರ್ಯಗಳೆಲ್ಲ ಮುಗಿದ ಕೆಲವು ದಿನಗಳ ಮೇಲೆ ಅವರು ನಮ್ಮನ್ನು ಕುರಿತು, “ಏನಪ್ಪಾ, ಅವರ ಪಾಠಗಳು ಕಂಪ್ಯೂಟರಿನಲ್ಲಿ ಇವೆಯಂತಲ್ಲ, ನಾನೂ ಒಂದು ಸಲ ನೋಡಬಹುದೆ?” ಎಂದು ಕೇಳಿದರು. ಗಂಡನು ಪಾಠ ಹೇಳುವುದನ್ನು ಅವರು ನಲವತ್ತು ವರ್ಷ ಅಡಿಗೆಮನೆಯಿಂದ ಕೇಳಿದ್ದರೇ ಹೊರತು ಎದುರಿಗೆ ಕುಳಿತು ಒಂದು ದಿನವೂ ನೋಡಿದವರಲ್ಲ.

ನಮ್ಮ ಮನೆಯಲ್ಲಿದ್ದುದು ಹಳೆಯ ಯಂತ್ರ. ಅದು ಮುದಿ ಎತ್ತಿನಂತೆ ಹೆಜ್ಜೆಹೆಜ್ಜೆಗೂ ನಿಲ್ಲುತ್ತಿದ್ದುದನ್ನು ಕಂಡು, ನಮ್ಮ ಸೋದರಳಿಯನು ಅದಕ್ಕೆ ಲಿನಕ್ಸನ್ನು ಹಾಕಿಕೊಟ್ಟಿದ್ದನು. ಅಂದಿನಿಂದ ಅದು ಚುರುಕಾಗಿ, ಪ್ರಶ್ನಪತ್ರಿಕೆಗಳನ್ನು ಸಿದ್ಧಪಡಿಸುವುದಕ್ಕೂ ಕನ್ನಡದಲ್ಲಿ ಪತ್ರಗಳನ್ನು ಬರೆಯುವುದಕ್ಕೂ ನಮಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಪಾಠಗಳ ತಾಣವನ್ನು ತೆರೆದಾಗ, ನಿಮ್ಮ ವ್ಯವಸ್ಥೆಗೆ ಇಲ್ಲಿ ಅನುಕೂಲವಿಲ್ಲವೆಂಬ ಒಂದು ವಾಕ್ಯ ಮಾತ್ರ ಕಾಣಿಸಿತು. ಹೊಸ ಯಂತ್ರವನ್ನು ಕೊಳ್ಳಿರೆಂದು ಮಿತ್ರರು ಹೇಳಿದರು. ಉಪಾಧ್ಯಾಯರ ಸಂಬಳದಲ್ಲಿ ಅದು ಅಸಾಧ್ಯವಲ್ಲದಿದ್ದರೂ, ಒಡಹುಟ್ಟಿದವರ ಧ್ವನಿಯನ್ನು ಕೇಳುವುದಕ್ಕೆ ಮೂರನೆಯವರಿಗೆ ಸುಂಕವನ್ನು ಏಕೆ ಕಟ್ಟಬೇಕೆಂಬ ಪ್ರಶ್ನೆಯು ನಮ್ಮನ್ನು ಬಿಡಲಿಲ್ಲ. ಪೇಟೆಯ ಇಂಟರ್ನೆಟ್ ಅಂಗಡಿಯಲ್ಲಿ ವಿಂಡೋಸ್ ಯಂತ್ರಗಳಿದ್ದುವು. ಅಲ್ಲಿಗೆ ಹೋಗೋಣವೆಂದರೆ ಅತ್ತಿಗೆಯವರು ಒಪ್ಪಲಿಲ್ಲ. “ಅಲ್ಲಿ ನಾಲ್ಕು ಜನರ ನಡುವೆ ಬೇಡಪ್ಪ” ಎಂದಷ್ಟೇ ಹೇಳಿ ಒಳಕ್ಕೆ ಹೋದರು.

ಆ ವರ್ಷ ದೀಪಾವಳಿಗೆ ಬಂದ ಸೋದರಳಿಯನ ಮುಂದೆ ಈ ಪ್ರಸ್ತಾಪವನ್ನಿಟ್ಟೆವು. ಅವನು ನಕ್ಕು, “ಮಾವ, ಇದಕ್ಕೆ ವೈನ್ ಬೇಕು” ಎಂದನು. ನಮ್ಮ ಮನೆಯವಳು ಬೆಚ್ಚಿ ನೋಡಿದಳು. ಹೆಸರು ಮದ್ಯದ್ದಾದರೂ ವಸ್ತುವು ಸಾತ್ತ್ವಿಕವೇ. 1993ರಲ್ಲಿ ಆರಂಭವಾಗಿ, 1994ರಿಂದ ಅಲೆಕ್ಸಾಂಡರ್ ಜೂಲಿಯಾರ್ ಎಂಬವರ ಮುಂದಾಳುತನದಲ್ಲಿ ಬೆಳೆದು, 2008ರಲ್ಲಿ ಮೊದಲನೆಯ ಪೂರ್ಣ ಆವೃತ್ತಿಯನ್ನು ಕಂಡ ತಂತ್ರಾಂಶವಿದು. ವಿಂಡೋಸಿನ ತಂತ್ರಾಂಶವು ತನ್ನ ಊರಿನ ಹೆಸರಿನಿಂದ ಏನನ್ನು ಕೇಳುವುದೋ, ಅದನ್ನು ಕಿವಿಗೊಟ್ಟು ಕೇಳಿ, ಲಿನಕ್ಸಿನ ಉಗ್ರಾಣದಿಂದ ತೆಗೆದು ಕೊಡುವುದೇ ವೈನಿನ ಉದ್ಯೋಗ. ಅದು ಮತ್ತೊಂದು ಯಂತ್ರವನ್ನೇ ಅನುಕರಿಸಿ ನಟಿಸುವುದಿಲ್ಲ; ತಾನು ಅನುಕಾರಿಯಲ್ಲವೆಂಬ ಮಾತು ಅದರ ಹೆಸರಿನ ವಿಸ್ತಾರದಲ್ಲಿಯೇ ಅಡಗಿದೆ.

ವ್ಯಾಕರಣವನ್ನು ಓದಿದವರಿಗೆ ಇದು ಹೊಸ ತತ್ತ್ವವಲ್ಲ. ಪಾಣಿನಿಯ ಶಾಸ್ತ್ರದಲ್ಲಿ ಒಂದರ ಸ್ಥಾನಕ್ಕೆ ಬಂದ ಮತ್ತೊಂದನ್ನು ಆದೇಶವೆಂದೂ, ಮೊದಲಿದ್ದುದನ್ನು ಸ್ಥಾನಿಯೆಂದೂ ಕರೆಯುತ್ತಾರೆ. ‘ಅಸ್’ ಎಂಬ ಧಾತುವಿನ ಸ್ಥಾನದಲ್ಲಿ ಕೆಲವೆಡೆ ‘ಭೂ’ ಎಂಬುದು ಬರುವುದು. ಬಂದ ಮೇಲೆ ಅದಕ್ಕೂ ಧಾತುವಿಗೆ ಸಲ್ಲತಕ್ಕ ಸಕಲ ಮರ್ಯಾದೆಗಳೂ ಸಲ್ಲುವುವು. ಮನೆಯ ಹಿರಿಸೊಸೆಯು ತವರಿಗೆ ಹೋದಾಗ ಎರಡನೆಯ ಸೊಸೆಯು ಆಕೆಯ ಸ್ಥಾನದಲ್ಲಿ ನಿಂತು ಅತಿಥಿಗಳಿಗೆ ಬಡಿಸುವಂತೆಯೇ ಇದು. ಆದರೆ ಶಾಸ್ತ್ರಕಾರನು ಇದಕ್ಕೊಂದು ಅಪವಾದವನ್ನೂ ಹೇಳಿದ್ದಾನೆ. ಎಲ್ಲಿ ಕಾರ್ಯವು ಮೂಲದ ಅಕ್ಷರವನ್ನೇ ಆಶ್ರಯಿಸಿರುವುದೋ ಅಲ್ಲಿ ಆದೇಶವು ಸ್ಥಾನಿಯಂತೆ ನಡೆಯದು. ಹಿರಿಸೊಸೆಯ ಕೈಬರಹವೇ ಬೇಕೆಂದರೆ ಎರಡನೆಯವಳು ಏನು ಮಾಡಿಯಾಳು? ವೈನಿನ ಸೋಲೂ ಇಂಥ ಕಡೆಗಳಲ್ಲಿಯೇ. ಚಲನಚಿತ್ರಗಳನ್ನು ಬಾಡಿಗೆಗೆ ತೋರಿಸುವವರು ಸಿಲ್ವರ್‌ಲೈಟಿನೊಳಗೆ ಇಟ್ಟಿದ್ದ ಕಳ್ಳಗಾವಲು, ಕಡತಗಳ ಮೇಲಿನ ಅಧಿಕಾರಗಳು ವಿಂಡೋಸಿನ ಕ್ರಮದಲ್ಲಿಯೇ ದಾಖಲಾಗಿರಬೇಕೆಂದು ಹಟ ಹಿಡಿಯುತ್ತಿದ್ದಿತು. ಅದಕ್ಕೋಸ್ಕರ ವೈನನ್ನೇ ಅಲ್ಲಲ್ಲಿ ತಿದ್ದಬೇಕಾಯಿತು.

ಹಾಗೆ ತಿದ್ದಿದ ವೈನಿನ ಮೇಲೆ ನಿಂತು 2013ರಲ್ಲಿ ಹೊರಬಂದುದೇ ಪೈಪ್‌ಲೈಟ್. ಅದರ ರಚನೆಯು ಸೊಗಸಾಗಿದೆ. ಬ್ರೌಸರಿನೊಳಗೆ ಲಿನಕ್ಸಿನ ಭಾಷೆಯನ್ನು ಆಡುವ ಒಂದು ತುಂಡು ಕುಳಿತಿರುವುದು. ಹೊರಗೆ ವೈನಿನ ಆಶ್ರಯದಲ್ಲಿ ವಿಂಡೋಸಿನ ನಿಜವಾದ ಪ್ಲಗಿನ್ ಕುಳಿತಿರುವುದು. ಎರಡರ ನಡುವೆ ಒಂದು ಕೊಳವೆ. ಈ ಕಡೆಯ ಮಾತು ಕೊಳವೆಯಲ್ಲಿ ಆ ಕಡೆಗೆ ಹೋಗುವುದು, ಆ ಕಡೆಯ ಉತ್ತರವು ಈ ಕಡೆಗೆ ಬರುವುದು. ಮಡಿಯಲ್ಲಿರುವವರು ಹೊರಗಿನವರೊಡನೆ ಬಾಗಿಲ ಸಂದಿಯಿಂದ ಮಾತನಾಡಿದಂತೆ, ಒಬ್ಬರನ್ನೊಬ್ಬರು ಮುಟ್ಟದೆಯೇ ಕಾರ್ಯವಾಗುವುದು. ಸೋದರಳಿಯನು ಪೈಪ್‌ಲೈಟನ್ನು ತರಿಸಿ, ಸಿಲ್ವರ್‌ಲೈಟನ್ನು ಸಕ್ರಿಯಗೊಳಿಸುವ ಆಜ್ಞೆಯನ್ನು ಬರೆದನು. ಪೈಪ್‌ಲೈಟಿನವರು ಪರರ ಸೊತ್ತಾದ ಪ್ಲಗಿನ್ನನ್ನು ತಾವೇ ಹಂಚುತ್ತಿರಲಿಲ್ಲ. ಅದು ಮೈಕ್ರೋಸಾಫ್ಟಿನವರ ಭಂಡಾರದಿಂದಲೇ ನಮ್ಮ ಯಂತ್ರಕ್ಕೆ ಇಳಿದು ಬಂದಿತು. ಈ ನಿಯತ್ತು ನಮಗೆ ಬಹಳ ಮೆಚ್ಚಿಗೆಯಾಯಿತು.

ಆದರೂ ತಾಣವು ಬಾಗಿಲನ್ನು ತೆರೆಯಲಿಲ್ಲ. ಬ್ರೌಸರ್ ಯಾವ ತಾಣಕ್ಕೆ ಹೋದರೂ ಮೊದಲು ತನ್ನ ಹೆಸರನ್ನೂ ವ್ಯವಸ್ಥೆಯನ್ನೂ ಹೇಳಿಕೊಳ್ಳುವುದು ವಾಡಿಕೆ. ಲಿನಕ್ಸ್ ಎಂಬ ಹೆಸರನ್ನು ಕೇಳಿದೊಡನೆಯೇ ಆ ತಾಣದ ದ್ವಾರಪಾಲಕನು, ಪ್ಲಗಿನ್ ಇದೆಯೋ ಇಲ್ಲವೋ ಎಂಬುದನ್ನು ವಿಚಾರಿಸದೆ, ತಡೆಯುತ್ತಿದ್ದನು. ವಿಂಡೋಸಿನಿಂದ ಬಂದೆವೆಂದು ಹೇಳಿಸಬೇಕೆಂದು ಹುಡುಗನು ಸೂಚಿಸಿದಾಗ ನಾವು ಸ್ವಲ್ಪ ಹಿಂಜರಿದೆವು. ಮೂವತ್ತು ಮಕ್ಕಳ ಮುಂದೆ ಪ್ರತಿದಿನವೂ ಸತ್ಯವನ್ನು ಬೋಧಿಸುವ ನಾವು ಯಂತ್ರದ ಬಾಯಲ್ಲಿ ಅನೃತವನ್ನು ಆಡಿಸಬಹುದೆ? ಅವನು, “ಮಾವ, ಎಲ್ಲ ಬ್ರೌಸರುಗಳೂ ತಮ್ಮನ್ನು ಮೊಜಿಲ್ಲಾ ಎಂದೇ ಹೇಳಿಕೊಳ್ಳುತ್ತವೆ, ಇದೊಂದು ವೇಷ ಅಷ್ಟೆ” ಎಂದನು. ಆ ಮಾತು ನಿಜವೇ. ಹಿಂದೆ ನೆಟ್‌ಸ್ಕೇಪಿಗೆ ಮಾತ್ರ ಒಳ್ಳೆಯ ಪುಟಗಳನ್ನು ಕೊಡುತ್ತಿದ್ದ ತಾಣಗಳನ್ನು ದಾಟುವುದಕ್ಕಾಗಿ ಉಳಿದವರು ಆ ಬಿರುದನ್ನು ಧರಿಸಿದರು, ಅದು ಇಂದಿಗೂ ಕಳಚಿಲ್ಲ. ಆದರೆ ನಾವು ಒಪ್ಪಿದುದು ಆ ಕಾರಣದಿಂದಲ್ಲ. ದ್ವಾರಪಾಲಕನ ಪ್ರಶ್ನೆಯ ತಾತ್ಪರ್ಯವು ಪಾಠವನ್ನು ನೋಡಲು ಬೇಕಾದ ಸಾಧನವು ನಿಮ್ಮಲ್ಲಿ ಉಂಟೆ ಎಂಬುದು. ಆ ಸಾಧನವು ನಮ್ಮಲ್ಲಿದ್ದಿತು. ಯಾರ ಸೊತ್ತನ್ನೂ ಕದಿಯದೆ, ಎಲ್ಲರಿಗೂ ಇಟ್ಟ ಪಾಠವನ್ನು ನೋಡುವುದಕ್ಕೆ ಆ ತಾತ್ಪರ್ಯಕ್ಕೆ ತಕ್ಕ ಉತ್ತರವನ್ನು ಕೊಡುವುದು ವಂಚನೆಯೆನ್ನಿಸದೆಂದು ನಿಶ್ಚಯಿಸಿದೆವು. ವಾಚಕರಲ್ಲಿ ಭಿನ್ನಾಭಿಪ್ರಾಯವುಳ್ಳವರಿದ್ದರೆ ಅವರನ್ನೂ ಗೌರವಿಸುತ್ತೇವೆ.

ರಾತ್ರಿ ಒಂಬತ್ತು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಅಣ್ಣನವರು ಕಾಣಿಸಿಕೊಂಡರು. ಕಾರಕಗಳನ್ನು ಕುರಿತ ಪಾಠವದು. ಅತ್ತಿಗೆಯವರು ಕುರ್ಚಿಯನ್ನು ಬೇಡವೆಂದು ಹೇಳಿ ಮಣೆಯ ಮೇಲೆ ಕುಳಿತು ನೋಡಿದರು. ಸಂಪ್ರದಾನವೆಂದರೇನೆಂದು ಹೇಳುವಾಗ ಅಣ್ಣನವರು, ಗೃಹಿಣಿಯು ಭಿಕ್ಷುಕನಿಗೆ ಅನ್ನವನ್ನು ಕೊಡುತ್ತಾಳೆ ಎಂಬ ಉದಾಹರಣೆಯನ್ನು ಕೊಟ್ಟು, ಉತ್ತರೀಯದ ಅಂಚನ್ನು ಸರಿಪಡಿಸಿಕೊಂಡರು. “ಆ ಹರಿದ ಅಂಚನ್ನು ನಾನೇ ಹೊಲಿದಿದ್ದೆ” ಎಂದರು ಅತ್ತಿಗೆ. ಮತ್ತೇನೂ ಹೇಳಲಿಲ್ಲ. ಅಂದಿನಿಂದ ವಾರಕ್ಕೊಂದು ಪಾಠ ನಡೆಯಿತು. ಮುಗಿದ ಮೇಲೆ ಮೊದಲಿನಿಂದ ಮತ್ತೆ ಆರಂಭವಾಗುತ್ತಿದ್ದಿತು. ಎರಡನೆಯ ಆವೃತ್ತಿಯ ಹೊತ್ತಿಗೆ ಅವರು ಷಷ್ಠಿಗೂ ಚತುರ್ಥಿಗೂ ಇರುವ ಭೇದವನ್ನು ನಮ್ಮ ಮನೆಯವಳಿಗೆ ತಿಳಿಸಿ ಹೇಳುವಷ್ಟಾಗಿದ್ದರು.

ಸೇತುವೆಯು ಎಷ್ಟೇ ಚೆನ್ನಾಗಿದ್ದರೂ ಅದರ ಎರಡು ದಡಗಳೂ ನಿಂತಿರಬೇಕಷ್ಟೆ. ಇಲ್ಲಿ ದಡವೇ ಕುಸಿಯತೊಡಗಿತು. ಪ್ಲಗಿನ್ನುಗಳು ಬ್ರೌಸರಿನೊಳಗೆ ವಿಶೇಷ ಸ್ವಾತಂತ್ರ್ಯವನ್ನು ಪಡೆದಿದ್ದುವಾದ್ದರಿಂದ, ಅವುಗಳ ಬಿರುಕಿನಿಂದ ದುರ್ಜನರು ಒಳಕ್ಕೆ ನುಗ್ಗುವುದೂ, ಅವು ಕೆಟ್ಟಾಗ ಬ್ರೌಸರೇ ಸ್ತಬ್ಧವಾಗುವುದೂ ಹೆಚ್ಚಾಯಿತು. ಇತ್ತ ಪ್ಲಗಿನ್ನಿನ ಸಹಾಯವಿಲ್ಲದೆ ಬ್ರೌಸರೇ ಚಲಚ್ಚಿತ್ರವನ್ನು ತೋರಿಸುವ ಕ್ರಮವು ಬೆಳೆದು, 2014ರ ಅಕ್ಟೋಬರಿನಲ್ಲಿ ಐದನೆಯ ಎಚ್‌ಟಿಎಂಎಲ್ ಎಂಬ ಲೋಕಸಮ್ಮತ ನಿಯಮವಾಗಿ ಪ್ರಕಟವಾಯಿತು. ಕ್ರೋಮ್ ಬ್ರೌಸರಿನವರು ಹಳೆಯ ಪ್ಲಗಿನ್ ಕ್ರಮವನ್ನು ಲಿನಕ್ಸಿನಲ್ಲಿ 2014ರಲ್ಲಿಯೂ, ಉಳಿದೆಡೆಗಳಲ್ಲಿ 2015ರಲ್ಲಿಯೂ ತೆಗೆದುಹಾಕಿದರು. ನಾವು ಬಳಸುತ್ತಿದ್ದ ಫೈರ್‌ಫಾಕ್ಸಿನವರು 2017ರ ಮಾರ್ಚಿಯಲ್ಲಿ ಫ್ಲ್ಯಾಶನ್ನುಳಿದು ಮಿಕ್ಕೆಲ್ಲಕ್ಕೂ ಬಾಗಿಲು ಹಾಕಿದರು. ಅವರ ದೀರ್ಘಕಾಲದ ಆವೃತ್ತಿಯೊಂದರಲ್ಲಿ ಮಾತ್ರ 2018ರವರೆಗೆ ಅವಕಾಶವಿದ್ದಿತು. ಹಳೆಯ ಬ್ರೌಸರನ್ನೇ ಇಟ್ಟುಕೊಂಡಿರಬಹುದಲ್ಲ ಎಂದು ಕೆಲವರು ಕೇಳಬಹುದು. ಬ್ಯಾಂಕಿನ ವ್ಯವಹಾರವನ್ನು ನಡೆಯಿಸುವ ಯಂತ್ರದಲ್ಲಿ ರಿಪೇರಿ ನಿಂತುಹೋದ ಬ್ರೌಸರನ್ನು ಇಡುವುದು, ಒಡವೆಯಿರುವ ಕೋಣೆಗೆ ಮುರಿದ ಅಗಳಿಯನ್ನು ಹಾಕಿ ಮಲಗಿದಂತೆ.

ಆಗ ನಮಗೆ ಹೊಳೆದುದೇನೆಂದರೆ, ನಾವು ಬೀಗದ ಕೈಗಾಗಿ ಊರೂರು ಅಲೆಯುವುದಕ್ಕಿಂತ ಬೀಗವನ್ನು ಹಾಕಿದವರನ್ನೇ ಕೇಳುವುದು ಲೇಸು. 2017ರ ಯುಗಾದಿಯಾದ ಮೇಲೆ ಆ ವಿದ್ಯಾಸಂಸ್ಥೆಯ ಮುಖ್ಯಸ್ಥರಿಗೆ ವಿನಯಪೂರ್ವಕವಾದ ಒಂದು ಪತ್ರವನ್ನು ಬರೆದು, ಪಾಠಗಳನ್ನು ಯಾವ ಪ್ಲಗಿನ್ನೂ ಬೇಡದ ಸಾಮಾನ್ಯ ಕ್ರಮದಲ್ಲಿ ಮತ್ತೆ ಇಡಬೇಕೆಂದು ಪ್ರಾರ್ಥಿಸಿದೆವು. ಉತ್ತರವಿಲ್ಲ. ಎರಡನೆಯ ಪತ್ರಕ್ಕೂ ಉತ್ತರವಿಲ್ಲ. ಮೂರನೆಯ ಪತ್ರದ ಕೆಳಗೆ ಅತ್ತಿಗೆಯವರು ತಾವೇ ಎರಡು ಸಾಲುಗಳನ್ನು ಬರೆದು ರುಜು ಹಾಕಿದರು. ತಿಂಗಳಾದ ಮೇಲೆ ಅಲ್ಲಿಯ ಗುಮಾಸ್ತರೊಬ್ಬರು ದೂರವಾಣಿಯಲ್ಲಿ ಮಾತನಾಡಿ, ಹಳೆಯ ತಾಣವನ್ನು ನೋಡಿಕೊಳ್ಳುತ್ತಿದ್ದ ಗುತ್ತಿಗೆದಾರರು ಅದನ್ನು ಮುಚ್ಚಿಬಿಟ್ಟರೆಂದೂ, ಮೂಲ ಟೇಪುಗಳು ಬೀರುವಿನಲ್ಲಿರುವುವೆಂದೂ ತಿಳಿಸಿದರು. ಅವರ ಶ್ರದ್ಧೆಯಿಂದ 2018ರಲ್ಲಿ ಮೂವತ್ತನಾಲ್ಕು ಪಾಠಗಳು ಪುನಃ ಬೆಳಕಿಗೆ ಬಂದುವು. ಆರು ಟೇಪುಗಳು ಬೂಷ್ಟು ಹಿಡಿದು ಕೆಟ್ಟುಹೋಗಿದ್ದುವು. ಕಾರಕದ ಪಾಠವು ಆ ಆರರಲ್ಲಿ ಒಂದು. “ಅದು ನನಗೆ ಬಾಯಿಪಾಠವಾಗಿದೆ, ಹೋಗಲಿ ಬಿಡಪ್ಪ” ಎಂದರು ಅತ್ತಿಗೆ. ಈಗ ಅವರು ಉಳಿದ ಪಾಠಗಳನ್ನು ತಮ್ಮ ಮೊಬೈಲಿನಲ್ಲಿಯೇ ನೋಡುತ್ತಾರೆ. ಆ ಮೊಬೈಲಿನ ಆಂಡ್ರಾಯ್ಡ್ ವ್ಯವಸ್ಥೆಯ ತಿರುಳೂ ಲಿನಕ್ಸೇ ಎಂಬುದು ಅವರಿಗೆ ತಿಳಿಯದು, ತಿಳಿಯಬೇಕಾದ ಅಗತ್ಯವೂ ಇಲ್ಲ. ಅಗತ್ಯವಿಲ್ಲದಿರುವುದೇ ಒಳ್ಳೆಯ ವ್ಯವಸ್ಥೆಯ ಲಕ್ಷಣ.

ಇಂದು ಇಂಥ ತೊಡಕಿನಲ್ಲಿ ಸಿಕ್ಕಿದವರಿಗೆ ನಾವು ಹೇಳತಕ್ಕದ್ದು ಇಷ್ಟು. ಮೈಕ್ರೋಸಾಫ್ಟಿನವರು ಸಿಲ್ವರ್‌ಲೈಟಿಗೆ ಕೊಡುತ್ತಿದ್ದ ಬೆಂಬಲವನ್ನು 2021ರ ಅಕ್ಟೋಬರಿನಲ್ಲಿ ನಿಲ್ಲಿಸಿದರು. ಇಂದಿನ ಬ್ರೌಸರುಗಳಲ್ಲಿ ಪೈಪ್‌ಲೈಟಿಗೆ ಸ್ಥಳವಿಲ್ಲ. ಆದಕಾರಣ ಹಳೆಯ ಉಪಾಯಗಳನ್ನು ಹುಡುಕಿ ಕಾಲವನ್ನು ಕಳೆಯಬಾರದು. ಅದೇ ವಸ್ತುವು ಪ್ಲಗಿನ್ ಇಲ್ಲದೆಯೇ ಬೇರೆಡೆ ದೊರೆಯುವುದೋ ಎಂದು ಮೊದಲು ನೋಡಬೇಕು. ಮಕ್ಕಳ ಹಳೆಯ ಫ್ಲ್ಯಾಶ್ ಆಟಗಳೂ ಪಾಠಗಳೂ ಬೇಕಾದರೆ ರಫಲ್ ಎಂಬ ಮುಕ್ತ ತಂತ್ರಾಂಶವು ಅವುಗಳಲ್ಲಿ ಬಹುಭಾಗವನ್ನು ಲಿನಕ್ಸಿನಲ್ಲಿಯೂ ನಡೆಯಿಸುವುದು. ಯಾವುದಾದರೂ ಕಚೇರಿಯ ತಾಣವು ವಿಂಡೋಸನ್ನೇ ಬೇಡಿದರೆ, ವರ್ಚುವಲ್‌ಬಾಕ್ಸ್ ಮುಂತಾದುವುಗಳಿಂದ ಲಿನಕ್ಸಿನೊಳಗೇ ಕಲ್ಪಿತವಾದ ಒಂದು ಯಂತ್ರವನ್ನು ಮಾಡಿ, ಅದರಲ್ಲಿ ಪರವಾನಗಿಯುಳ್ಳ ವಿಂಡೋಸನ್ನು ಇಟ್ಟು, ಆ ಒಂದು ಕಾರ್ಯಕ್ಕೆ ಮಾತ್ರ ಬಳಸಬಹುದು. ವೈನ್ ಇಂದಿಗೂ ಜೀವಂತವಾಗಿದೆ. ಬ್ರೌಸರಿನ ಹೊರಗೆ ನಿಲ್ಲುವ ಅನೇಕ ವಿಂಡೋಸ್ ತಂತ್ರಾಂಶಗಳಿಗೆ ಅದೇ ಸಾಕು. ಚಲನಚಿತ್ರಗಳ ಬೀಗವು ಇಂದಿಗೂ ಬ್ರೌಸರುಗಳೊಳಗೆ ಉಳಿದಿರುವುದಾದರೂ ಅದರ ಕೈ ಲಿನಕ್ಸಿನವರಿಗೂ ದೊರೆಯುವಂತಾಗಿದೆ.

ಇವೆಲ್ಲವುಗಳಿಗಿಂತಲೂ ಮುಖ್ಯವಾದುದು, ಬೀಗ ಹಾಕಿದವರಿಗೆ ಪತ್ರ ಬರೆಯುವುದು. ಕನ್ನಡದ ಅಕ್ಷರಗಳ ವಿಷಯದಲ್ಲಿಯೂ ಹೀಗೆಯೇ ಆಗಿದ್ದಿತು. ಒಂದೊಂದು ತಾಣವೂ ತನ್ನದೇ ಫಾಂಟಿನ ಸಂಕೇತದಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಆ ಫಾಂಟು ಇಲ್ಲದವರಿಗೆ ಕನ್ನಡದ ಪುಟವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ತೋರುತ್ತಿದ್ದಿತು. 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ಥಾನವನ್ನು ಕೊಟ್ಟಿದ್ದ ಯೂನಿಕೋಡನ್ನು ಎಲ್ಲರೂ ಕ್ರಮೇಣ ಅಂಗೀಕರಿಸಿದ ಮೇಲೆಯೇ ಆ ಕಷ್ಟವು ಕಳೆಯಿತು. ನಮ್ಮ ಹಿರಿಯರು ಒಂದೇ ಸಂಸ್ಕೃತಗ್ರಂಥವನ್ನು ನಾಗರಿಯಲ್ಲಿಯೂ ಕನ್ನಡದಲ್ಲಿಯೂ ಗ್ರಂಥಲಿಪಿಯಲ್ಲಿಯೂ ಬರೆದಿಟ್ಟರು. ವಿದ್ಯೆಯನ್ನು ಒಂದೇ ಲಿಪಿಯ ಸೆರೆಯಲ್ಲಿಡಲಿಲ್ಲ. ಶಾಲೆ, ಮಠ, ಸಂಘ, ಕಚೇರಿ, ಯಾರೇ ಆಗಲಿ, ಹತ್ತು ಜನರಿಗೆಂದು ಇಟ್ಟ ವಸ್ತುವನ್ನು ಒಬ್ಬರೇ ತೆರೆಯಬಲ್ಲ ಪೆಟ್ಟಿಗೆಯಲ್ಲಿಡಬಾರದು. ಸೇತುವೆಗಳನ್ನು ಕಟ್ಟಿದ ಪುಣ್ಯವಂತರಿಗೆ ನಮ್ಮ ನಮಸ್ಕಾರಗಳು ಸಲ್ಲತಕ್ಕುವು. ಆದರೆ ಟೇಪುಗಳಿಗೆ ಬೂಷ್ಟು ಹಿಡಿಯುವುದಕ್ಕೆ ಮುಂಚೆ ಪೆಟ್ಟಿಗೆಯು ತೆರೆಯಬೇಕು. ಅದಕ್ಕೆ ಕೇಳುವವರೂ ಬೇಕು, ಎರಡು ಸಲ ಉತ್ತರ ಬಾರದಿದ್ದರೆ ಮೂರನೆಯ ಸಲ ಕೇಳುವವರೂ ಬೇಕು.